ಮಂಕಾದ ಹಳೆಯ ಕಾರಿಗೆ ಮತ್ತೆ ಹೊಳಪು: ಕಡಿಮೆ ಖರ್ಚಿನಲ್ಲಿ ಮನೆಯಂಗಳದಲ್ಲೇ ಮಾಡುವ ವಿಧಾನ

ಹಳೆಯ ಕಾರಿನ ಬಾನೆಟ್ ಮೇಲೆ ಒಣ ಅಂಗೈಯನ್ನು ಒಮ್ಮೆ ಸವರಿ ನೋಡಿ. ಸೀಮೆಸುಣ್ಣ ಹಿಡಿದಂತೆ ಕೈಗೆ ಪುಡಿ ಅಂಟಿದರೆ ಅದು ಧೂಳಲ್ಲ, ಕಾರಿನ ಬಣ್ಣವೇ. ಕೋಲಾರದ ನಮ್ಮ ಮನೆಯ ಕೆಂಪು ಮಾರುತಿ 800 ಕಾರನ್ನು 2009ರಲ್ಲಿ ಕೊಂಡದ್ದು. ಶೆಡ್ ಇಲ್ಲದ ಕಾರಣ ವರ್ಷಗಟ್ಟಲೆ ಬಿಸಿಲಿನಲ್ಲೇ ನಿಂತು ಅದರ ಟಾಪ್ ಮತ್ತು ಬಾನೆಟ್ ತಿಳಿಗುಲಾಬಿಗೆ ತಿರುಗಿದ್ದವು. ಬಾಗಿಲುಗಳಲ್ಲಿ ಮಾತ್ರ ಕೆಂಪು ಉಳಿದಿತ್ತು. ಇಡೀ ಕಾರಿಗೆ ಬಣ್ಣ ಹೊಡೆಯಲು ಗ್ಯಾರೇಜಿನಲ್ಲಿ 35,000 ರೂಪಾಯಿ ಕೇಳಿದರು. ಕಾರನ್ನು ಮಾರಿದ್ದರೂ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಎರಡು ಭಾನುವಾರಗಳ ಬೆಳಗಿನ ಹೊತ್ತು ಮತ್ತು ಸುಮಾರು 1,800 ರೂಪಾಯಿಯ ಸಾಮಾನಿನಿಂದ ಅದೇ ಕಾರಿಗೆ ಅದರ ಕೆಂಪು ಮರಳಿತು. ಹೊಸ ಬಣ್ಣ ಹೊಡೆಯದೆ, ಇರುವ ಬಣ್ಣವನ್ನೇ ಹೊರತೆಗೆದು ಉಳಿಸಿಕೊಳ್ಳುವ ಕೆಲಸ ಇದು. ಎಲ್ಲ ಕಾರಿಗೂ ಇದು ಆಗುವುದಿಲ್ಲ. ನಿಮ್ಮ ಕಾರಿಗೆ ಆಗುತ್ತದೆಯೋ ಇಲ್ಲವೋ ಎಂಬುದನ್ನು ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲೇ ತಿಳಿದುಕೊಳ್ಳಬಹುದು.

ಕಾರಿನ ತಗಡಿನ ಮೇಲೆ ಮೊದಲು ಪ್ರೈಮರ್, ಅದರ ಮೇಲೆ ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಕಾರ್ಖಾನೆಯಲ್ಲಿ ಬಳಿದ ಈ ಎಲ್ಲ ಪದರಗಳ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್ ಮಾತ್ರ, ಅಂದರೆ ಸುಮಾರಾಗಿ ನಮ್ಮ ತಲೆಗೂದಲಿಗಿಂತಲೂ ತೆಳು. ಹಳೆಯ ಮಾದರಿಯ ಹಲವು ಕಾರುಗಳಲ್ಲಿ, ಅದರಲ್ಲೂ ಮಿನುಗಿಲ್ಲದ ಬಿಳಿ, ಕೆಂಪು ಬಣ್ಣಗಳಲ್ಲಿ, ಕ್ಲಿಯರ್ ಕೋಟ್ ಎಂಬುದೇ ಇರುವುದಿಲ್ಲ; ಬಣ್ಣವೇ ಮೇಲ್ಪದರ. ರಬ್ಬಿಂಗ್ ಎಂದು ನಾವು ಕರೆಯುವ ಕೆಲಸದಲ್ಲಿ ಆ ಮೇಲ್ಪದರದ ಸತ್ತ ಭಾಗವನ್ನು ತುಸು ತುಸುವಾಗಿ ತೆಗೆದು ಕೆಳಗಿನ ಜೀವಂತ ಭಾಗವನ್ನು ಹೊರತರುತ್ತೇವೆ. ಒಮ್ಮೆ ತೆಗೆದದ್ದನ್ನು ಮರಳಿ ಇಡಲು ಬರುವುದಿಲ್ಲ. ಆದ್ದರಿಂದ ಮೃದುವಾದ ವಿಧಾನದಿಂದ ಪ್ರಾರಂಭಿಸಿ, ಅದು ಸಾಲದಿದ್ದಲ್ಲಿ ಮಾತ್ರ ಒರಟಾದ ಮುಂದಿನ ವಿಧಾನಕ್ಕೆ ಹೋಗಬೇಕು. ಇಡೀ ಕೆಲಸಕ್ಕೆ ಇದೊಂದು ನಿಯಮವೇ ಆಧಾರ.

ನಮ್ಮ ಸೀಮೆಯಲ್ಲಿ ಬಣ್ಣ ಮಾಸಲು ಮೂರು ಕಾರಣಗಳಿವೆ. ಮೊದಲನೆಯದು ಬಿಸಿಲು. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿರುವುದರಿಂದ ಗಾಳಿ ತಂಪಾಗಿರುತ್ತದೆ. ಹಾಗೆಂದು ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳ ಹೊಡೆತ ಕಡಿಮೆಯೇನಲ್ಲ. ಆಕಾಶಕ್ಕೆ ಮುಖ ಮಾಡಿರುವ ಟಾಪ್, ಬಾನೆಟ್ ಮತ್ತು ಡಿಕ್ಕಿಯ ಮೇಲ್ಭಾಗ ಮೊದಲು ಮಾಸುವುದು ಇದರಿಂದಲೇ. ಎರಡನೆಯದು ಕೊಳವೆಬಾವಿಯ ಗಡಸು ನೀರು: ಕಾರಿನ ಮೇಲೆ ಅದು ಒಣಗಿದಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಿಳಿಯ ಉಂಗುರಗಳಾಗಿ ಉಳಿದು, ಬಿಸಿಲಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ. ಮೂರನೆಯದು ಧೂಳು. ಕೋಲಾರ, ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿ ಮತ್ತು ಕ್ರಷರ್‌ಗಳಿಂದ ಏಳುವ ಧೂಳು ಗ್ರಾನೈಟ್ ಕಲ್ಲಿನ ಪುಡಿ. ಅದರಲ್ಲಿರುವ ಸ್ಫಟಿಕದ ಕಣಗಳು ಗಾಜಿನ ಮೇಲೂ ಗೀರು ಎಳೆಯಬಲ್ಲಷ್ಟು ಗಟ್ಟಿ. ಬೆಳಗಾದರೆ ಒಣ ಬಟ್ಟೆಯಿಂದ ಕಾರನ್ನು ಒರೆಸುವ ನಮ್ಮೆಲ್ಲರ ಅಭ್ಯಾಸ ಆ ಕಣಗಳನ್ನು ಬಣ್ಣದ ಮೇಲೆ ಎಳೆದಾಡುತ್ತದೆ. ಬಿಸಿಲಿನಷ್ಟೇ ಕಾರನ್ನು ಮಂಕು ಮಾಡುವುದು ಈ ಒಣ ಒರೆಸುವಿಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಪರೀಕ್ಷೆ

ಕಾರನ್ನು ತೊಳೆದು ಒಣಗಿಸಿ, ಹಗಲು ಬೆಳಕಿನಲ್ಲಿ ಸುತ್ತಲೂ ನಿಧಾನವಾಗಿ ನೋಡಿ. ಬಿಸಿಲಿಗೆ ಸುಟ್ಟ ಚರ್ಮ ಸುಲಿಯುವಂತೆ ಎಲ್ಲಾದರೂ ತೆಳುವಾದ ಪೊರೆ ಎದ್ದಿದ್ದರೆ, ಅದರ ಅಂಚನ್ನು ಉಗುರಿನಿಂದ ಎಬ್ಬಿಸಲು ಸಾಧ್ಯವಾದರೆ, ಅಥವಾ ಅಂಚು ಸ್ಪಷ್ಟವಾಗಿ ಕಾಣುವ ಬಿಳಿಯ ಮಚ್ಚೆಗಳಿದ್ದರೆ ಅಲ್ಲಿ ಕ್ಲಿಯರ್ ಕೋಟ್ ಕಿತ್ತುಹೋಗಿದೆ ಎಂದರ್ಥ. ಆ ಜಾಗಕ್ಕೆ ಯಾವ ಪಾಲಿಶ್ ಹಚ್ಚಿದರೂ ಪ್ರಯೋಜನವಿಲ್ಲ. ಅಂಗಡಿಯವರು ಎಷ್ಟೇ ಭರವಸೆ ಕೊಟ್ಟರೂ ಅದಕ್ಕಾಗಿ ಹಣ ಕಳೆಯಬೇಡಿ. ಅದಕ್ಕೆ ಬೇರೆ ದಾರಿಯಿದೆ, ಅದನ್ನು ಮುಂದೆ ಹೇಳಿದ್ದೇನೆ. ಪೊರೆ ಏಳದೆ ಇಡೀ ಮೈ ಒಂದೇ ಸಮನಾಗಿ ಮಂಕಾಗಿದ್ದರೆ, ನೀರು ಹಾಕಿದಾಗ ಬಣ್ಣ ಗಾಢವಾಗಿ ಕಂಡು ಒಣಗಿದ ಮೇಲೆ ಮತ್ತೆ ಮಾಸಿದಂತೆ ಕಂಡರೆ ಅದು ಒಳ್ಳೆಯ ಸೂಚನೆ.

ಎರಡನೆಯ ಪರೀಕ್ಷೆಗೆ ಒಂದು ಬಿಳಿಯ ಬನಿಯನ್ ಬಟ್ಟೆಯ ತುಂಡು ಮತ್ತು ಸ್ವಲ್ಪ ಪಾಲಿಶ್ ಸಾಕು. ಕಣ್ಣಿಗೆ ಬೀಳದ ಜಾಗದಲ್ಲಿ, ಉದಾಹರಣೆಗೆ ಡಿಕ್ಕಿಯ ಕೆಳ ಅಂಚಿನ ಬಳಿ, ಅರ್ಧ ನಿಮಿಷ ತಿಕ್ಕಿ ಬಟ್ಟೆಯನ್ನು ನೋಡಿ. ನಮ್ಮ ಕಾರಿನಲ್ಲಿ ಹೀಗೆ ಮಾಡಿದಾಗ ಬಿಳಿಯ ಬಟ್ಟೆ ಕುಂಕುಮದ ಭರಣಿಯಲ್ಲಿ ಅದ್ದಿದಂತೆ ಕೆಂಪಾಯಿತು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಕ್ಲಿಯರ್ ಕೋಟ್ ಇಲ್ಲ, ನೀವು ನೇರವಾಗಿ ಬಣ್ಣವನ್ನೇ ತಿಕ್ಕುತ್ತಿದ್ದೀರಿ. ಹತ್ತದಿದ್ದರೆ ಮೇಲೆ ಕ್ಲಿಯರ್ ಕೋಟ್ ಇದೆ. ಆಗ ಕೈ ಇನ್ನಷ್ಟು ಹಗುರವಾಗಿರಬೇಕು. ಕ್ಲಿಯರ್ ಕೋಟ್ ಇರುವ ಕಾರನ್ನು ತಿಕ್ಕುವಾಗ ನಡುವೆ ಎಲ್ಲಾದರೂ ಬಟ್ಟೆಗೆ ಬಣ್ಣ ಹತ್ತತೊಡಗಿದರೆ ಮೇಲ್ಪದರ ತೀರಿತು ಎಂದು ತಿಳಿದು ಅಲ್ಲಿಯೇ ನಿಲ್ಲಿಸಬೇಕು.

ಕಾರನ್ನು ಬೇರೆಯವರಿಂದ ಕೊಂಡಿದ್ದರೆ ಇನ್ನೊಂದು ವಿಷಯವನ್ನೂ ನೋಡಿಕೊಳ್ಳಿ. ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಕಾರಿನ ಬಣ್ಣದ ಹನಿಗಳು ಸಿಡಿದಿದ್ದರೆ, ಒಂದು ಭಾಗದ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾಗಿದ್ದರೆ ಆ ಭಾಗಕ್ಕೆ ಹಿಂದೆ ಯಾವಾಗಲೋ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ್ದಾರೆ. ಅಗ್ಗದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಆಗಿದ್ದರೆ ಅದು ಥಿನ್ನರ್‌ಗೂ ಸ್ಪಿರಿಟ್‌ಗೂ ಕರಗುವ ಸ್ವಭಾವದ್ದು. ಮೂಲೆಯಲ್ಲಿ ಪರೀಕ್ಷಿಸದೆ ಅಲ್ಲಿ ಇವು ಯಾವುದನ್ನೂ ಬಳಸಬಾರದು.

ತೊಳೆಯುವುದು

ನವೆಂಬರಿನಿಂದ ಫೆಬ್ರುವರಿಯ ತನಕದ ತಿಂಗಳುಗಳು ಈ ಕೆಲಸಕ್ಕೆ ಅನುಕೂಲ. ಬಿಸಿಲೇರುವ ಮೊದಲು, ನೆರಳಿನಲ್ಲಿ, ತಗಡು ಕೈಗೆ ತಣ್ಣಗಿರುವಾಗ ಮಾಡಬೇಕು. ಬಿಸಿ ತಗಡಿನ ಮೇಲೆ ಶಾಂಪೂ, ಮುಂದೆ ಹೇಳುವ ರಬ್ಬಿಂಗ್ ಕಾಂಪೌಂಡ್ ಎರಡೂ ಒಣಗಿ ಕಲೆಯಾಗುತ್ತವೆ. ಮೊದಲು ಪೈಪಿನಿಂದ ನೀರು ಹಾಯಿಸಿ ಕೈ ಮುಟ್ಟಿಸದೆ ಧೂಳನ್ನು ಇಳಿಸಿ. ನಂತರ ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಮೇಲಿನಿಂದ ಕೆಳಕ್ಕೆ ಒರೆಸುತ್ತಾ, ಪ್ರತಿ ಸಲವೂ ಬಟ್ಟೆಯನ್ನು ಬರಿಯ ನೀರಿನ ಬಕೆಟ್ಟಿನಲ್ಲಿ ಜಾಲಿಸಿದ ನಂತರವೇ ಮತ್ತೆ ಶಾಂಪೂವಿನಲ್ಲಿ ಅದ್ದಬೇಕು. ಕೆಲಸ ಮುಗಿದಾಗ ಬರಿಯ ನೀರಿನ ಬಕೆಟ್ಟಿನ ತಳದಲ್ಲಿ ಕೂತಿರುವ ಮರಳನ್ನು ನೋಡಿದರೆ ಎರಡು ಬಕೆಟ್ ಏಕೆ ಬೇಕು ಎಂಬುದು ತಾನೇ ಅರ್ಥವಾಗುತ್ತದೆ.

ಪಾತ್ರೆ ತೊಳೆಯುವ ಲಿಕ್ವಿಡ್ ಹಳೆಯ ಮೇಣವನ್ನೆಲ್ಲ ಕಿತ್ತುಹಾಕುತ್ತದೆ. ಪಾಲಿಶ್ ಮಾಡುವ ಮುನ್ನ ಒಮ್ಮೆ ಬಳಸಬಹುದು, ವಾರ ವಾರ ಬಳಸಬಾರದು. ಬಟ್ಟೆ ಒಗೆಯುವ ಪುಡಿಯನ್ನಂತೂ ಮುಟ್ಟಲೇಬೇಡಿ.

ಕೊನೆಯ ಜಾಲಿಸುವಿಕೆಗೆ ಮಾತ್ರ ಮೆದು ನೀರು ಬಳಸಿ. ನಮ್ಮ ಜಿಲ್ಲೆಯ ಊರೂರಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿದರೆ ಸಿಗುವ 20 ಲೀಟರ್‌ನ ಒಂದು ಕ್ಯಾನ್ ಸಣ್ಣ ಕಾರಿಗೆ ಧಾರಾಳವಾಗಿ ಸಾಲುತ್ತದೆ. ಕುಡಿಯುವ ನೀರಿಗಾಗಿ ಜನ ಸಾಲಿನಲ್ಲಿ ನಿಂತಿರುವ ಊರಿನಲ್ಲಿ ಅದನ್ನು ಕಾರಿಗೆ ಸುರಿಯುವುದು ಸರಿಯಲ್ಲವೆಂದು ನನಗನ್ನಿಸುವುದರಿಂದ, ಮಳೆಗಾಲದಲ್ಲಿ ಮಾಳಿಗೆಯಿಂದ ಇಳಿಯುವ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ಅದನ್ನೇ ಬಳಸುತ್ತೇನೆ. ಯಾವ ನೀರಾದರೂ ಸರಿ, ತಾನಾಗಿ ಒಣಗಲು ಬಿಡದೆ ಒಣ ಮೈಕ್ರೋಫೈಬರ್ ಬಟ್ಟೆಯನ್ನು ಹರಡಿ ನೀರನ್ನು ಹೀರಿಸಿಬಿಡಬೇಕು.

ಈಗಾಗಲೇ ಕಚ್ಚಿಕೊಂಡಿರುವ ಬಿಳಿ ಉಂಗುರಗಳಿಗೆ ಬಿಳಿ ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಬಟ್ಟೆಯಲ್ಲಿ ಅದ್ದಿ, ಕಲೆಯ ಮೇಲೆ ಅರ್ಧ ನಿಮಿಷ ಇಟ್ಟು ಒರೆಸಿ, ತಕ್ಷಣ ಶಾಂಪೂ ನೀರಿನಿಂದ ತೊಳೆಯಿರಿ. ಇದನ್ನೂ ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ. ಡಾಂಬರಿನ ಚುಕ್ಕೆಗಳಿಗೆ ಬಟ್ಟೆಯ ತುದಿಗೆ ಹತ್ತಿಸಿದ ಎರಡು ಹನಿ ಸೀಮೆಎಣ್ಣೆ ಸಾಕು, ಅದನ್ನೂ ಕೂಡಲೇ ತೊಳೆಯಬೇಕು. ಹೊಳಪು ಬರಲೆಂದು ಇಡೀ ಕಾರಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸವರುವವರಿದ್ದಾರೆ. ಆ ಹೊಳಪು ಎಣ್ಣೆ ಪಸೆಯದು, ಸಂಜೆಯ ಹೊತ್ತಿಗೆ ಅದರ ಮೇಲೆ ಧೂಳಿನ ಪದರ ಕೂತಿರುತ್ತದೆ.

ತೊಳೆದ ನಂತರ ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಸವರಿ. ಬರಿಗೈಗೆ ನುಣುಪಾಗಿದ್ದ ಜಾಗ ಕವರಿನೊಳಗಿನ ಬೆರಳಿಗೆ ರವೆಯ ಮೇಲೆ ಕೈಯಾಡಿಸಿದಂತೆ ತರಿತರಿಯಾಗಿ ಸಿಗುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ, ಮರದ ಅಂಟು, ಸಿಡಿದ ಪೇಂಟ್ ಇವು ಕಾರಿನ ಮೇಲ್ಮೈಗೆ ಕಚ್ಚಿಕೊಂಡಿರುವುದೇ ಇದಕ್ಕೆ ಕಾರಣ. ಇವನ್ನು ತೆಗೆಯದೆ ಕಾಂಪೌಂಡ್ ಹಾಕಿ ತಿಕ್ಕಿದರೆ ಇವೇ ಗೀರು ಹಾಕುತ್ತವೆ. ಇದಕ್ಕೆ ಕ್ಲೇ ಬಾರ್ ಎಂಬ ಜೇಡಿಮಣ್ಣಿನಂತಹ ಉಂಡೆ ಸಿಗುತ್ತದೆ. ಶಾಂಪೂ ನೀರನ್ನು ಧಾರಾಳವಾಗಿ ಚಿಮುಕಿಸಿ, ಚಪ್ಪಟೆ ಮಾಡಿದ ಕ್ಲೇಯನ್ನು ಒತ್ತದೆ ಹಿಂದೆ ಮುಂದೆ ಜಾರಿಸುತ್ತಾ ಹೋಗಿ. ತರಿ ಹೋದಂತೆ ಅದು ತಾನಾಗಿ ಸಲೀಸಾಗಿ ಜಾರತೊಡಗುತ್ತದೆ. ಕೊಳೆ ಕಂಡಾಗ ಕ್ಲೇಯನ್ನು ಮಡಚಿ ಹೊಸ ಮುಖ ತನ್ನಿ. ನೆಲಕ್ಕೆ ಬಿದ್ದ ಕ್ಲೇಯನ್ನು ಮಾತ್ರ ಎಸೆದುಬಿಡಿ, ಅದರೊಳಗೆ ಸೇರಿದ ಮರಳನ್ನು ಯಾವ ರೀತಿಯಲ್ಲೂ ತೆಗೆಯಲಾಗದು.

ರಬ್ಬಿಂಗ್

ಸಾಮಾನಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಬೇಕಾಗಿಲ್ಲ. ಕೋಲಾರ, ಚಿಂತಾಮಣಿ, ತುಮಕೂರಿನ ಆಟೊಮೊಬೈಲ್ ಅಂಗಡಿಗಳಲ್ಲೂ ಕಾರಿಗೆ ಬಣ್ಣ ಬೆರೆಸಿಕೊಡುವ ಪೇಂಟ್ ಅಂಗಡಿಗಳಲ್ಲೂ ಎಲ್ಲವೂ ಸಿಗುತ್ತವೆ. ಬೇಕಾದದ್ದು ಒಂದು ರಬ್ಬಿಂಗ್ ಕಾಂಪೌಂಡ್, ಅದಕ್ಕಿಂತ ನಯವಾದ ಒಂದು ಪಾಲಿಶ್, ಒಂದು ಡಬ್ಬಿ ಕಾರ್ ವ್ಯಾಕ್ಸ್, ನಾಲ್ಕಾರು ಮೈಕ್ರೋಫೈಬರ್ ಬಟ್ಟೆ, ಒಂದೆರಡು ಸ್ಪಾಂಜ್ ಪ್ಯಾಡ್, ಮಾಸ್ಕಿಂಗ್ ಟೇಪ್. ತ್ರೀಎಂ, ವ್ಯಾಕ್ಸ್‌ಪೋಲ್, ಫಾರ್ಮುಲಾ 1 ಮುಂತಾದ ಹೆಸರುಗಳಲ್ಲಿ ಇವು ಬರುತ್ತವೆ. ಯಾವ ಕಂಪನಿಯದು ಎಂಬುದಕ್ಕಿಂತ ಡಬ್ಬಿಯ ಮೇಲೆ ಒರಟು, ಮಧ್ಯಮ, ನಯ ಎಂದು ಏನು ಬರೆದಿದೆ ಎಂಬುದು ಮುಖ್ಯ. ಕಾಂಪೌಂಡ್ ಮೇಲ್ಪದರವನ್ನು ಕೊರೆಯುತ್ತದೆ, ಪಾಲಿಶ್ ನುಣುಪುಗೊಳಿಸುತ್ತದೆ, ವ್ಯಾಕ್ಸ್ ಕಾಪಾಡುತ್ತದೆ. ಮೂರೂ ಒಂದೇ ಎಂದುಕೊಂಡು ಮಾಸಿದ ಬಣ್ಣದ ಮೇಲೆ ನೇರವಾಗಿ ವ್ಯಾಕ್ಸ್ ಹಚ್ಚುವವರಿಗೆ ಎರಡು ವಾರದಲ್ಲಿ ಹಳೆಯ ಮಂಕೇ ಮರಳುತ್ತದೆ.

ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಬೀಡಿಂಗ್, ಕಂಪನಿಯ ಲಾಂಛನ ಇವುಗಳ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ. ಅದರ ಜೊತೆಗೆ, ಬಾನೆಟ್ಟಿನ ಅಂಚುಗಳ ಮೇಲೆ ಮತ್ತು ಬಾಗಿಲಿನ ಉದ್ದಕ್ಕೂ ಎದ್ದಿರುವ ಏಣುಗೆರೆಗಳ ಮೇಲೆ ತಪ್ಪದೆ ಟೇಪ್ ಹಚ್ಚಿ. ಅಂಚುಗಳಲ್ಲಿ ಬಣ್ಣ ಮೊದಲೇ ತೆಳುವಾಗಿ ಕೂತಿರುತ್ತದೆ, ತಿಕ್ಕುವಾಗ ಕೈಯ ಭಾರವೆಲ್ಲ ಆ ಸಣ್ಣ ಗೆರೆಯ ಮೇಲೆಯೇ ಬೀಳುತ್ತದೆ. ನಾನು ಮೊದಲ ಭಾನುವಾರ ಬಾನೆಟ್ಟಿನ ಎಡ ಅಂಚಿಗೆ ಟೇಪ್ ಹಚ್ಚಿರಲಿಲ್ಲ. ಐದಾರು ಸಲ ಕೈಯಾಡಿಸಿದ್ದೆನಷ್ಟೆ, ಕೆಂಪಿನ ನಡುವೆ ಬೂದು ಬಣ್ಣದ ಪ್ರೈಮರ್ ದಾರದೆಳೆಯಂತೆ ಕಾಣಿಸಿಕೊಂಡಿತು. ಆ ಎಳೆ ಇಂದಿಗೂ ಅಲ್ಲಿದೆ. ಟಚ್-ಅಪ್ ಬಣ್ಣ ಹಚ್ಚಿ ಮುಚ್ಚಿದ್ದರೂ ತಿಳಿದವರ ಕಣ್ಣಿಗೆ ಬೀಳುತ್ತದೆ.

ಮೊದಲು ಒಂದಡಿ ಉದ್ದ, ಒಂದಡಿ ಅಗಲದ ಜಾಗವನ್ನು ಟೇಪಿನಿಂದ ಗುರುತಿಸಿಕೊಂಡು ಅಲ್ಲಿ ಮಾತ್ರ ಪ್ರಯೋಗ ಮಾಡಿ. ನಯವಾದ ಪಾಲಿಶ್‌ನಿಂದಲೇ ಆರಂಭಿಸಿ. ಅದರಿಂದಲೇ ಬಣ್ಣ ಮರಳಿದರೆ ಕಾಂಪೌಂಡ್ ಡಬ್ಬಿಯನ್ನು ತೆರೆಯುವ ಅಗತ್ಯವೇ ಇಲ್ಲ. ಸಾಲದಿದ್ದರೆ ಕಾಂಪೌಂಡ್‌ಗೆ ಹೋಗಿ: ತುಸು ಒದ್ದೆ ಮಾಡಿದ ಸ್ಪಾಂಜಿನ ಮೇಲೆ ಕಡಲೆಕಾಳಿನ ಗಾತ್ರದ ಮೂರು ಬೊಟ್ಟುಗಳನ್ನಿಟ್ಟು, ಗುರುತಿಸಿದ ಜಾಗದಲ್ಲೆಲ್ಲ ಹರಡಿ, ಮಧ್ಯಮ ಒತ್ತಡದಲ್ಲಿ ಎರಡು ಮೂರು ನಿಮಿಷ ತಿಕ್ಕಿ. ಸುತ್ತು ಸುತ್ತಾಗಿ ತಿಕ್ಕುವುದಕ್ಕಿಂತ ಕಾರಿನ ಉದ್ದಕ್ಕೆ ನೇರವಾಗಿ, ಪ್ರತಿ ಎಳೆತವೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ತಿಕ್ಕುವುದು ಒಳ್ಳೆಯದು; ಉಳಿಯುವ ಸೂಕ್ಷ್ಮ ಗೀರುಗಳು ಬಿಸಿಲಿನಲ್ಲಿ ಜೇಡರಬಲೆಯಂತೆ ಹೊಳೆಯುವುದಿಲ್ಲ. ಪೂರ್ತಿ ಒಣಗುವ ಮುನ್ನ ಬೇರೆ ಬಟ್ಟೆಯಿಂದ ಒರೆಸಿ ತೆಗೆಯಿರಿ.

ಈ ಹಂತದಲ್ಲಿ ಕಣ್ಣಿಗೆ ಕಾಣುವ ಹೊಳಪನ್ನು ಪೂರ್ತಿಯಾಗಿ ನಂಬಬಾರದು. ಕಾಂಪೌಂಡ್‌ನಲ್ಲಿರುವ ಎಣ್ಣೆಯಂಶ ಗೀರುಗಳಲ್ಲಿ ತುಂಬಿಕೊಂಡು ಅವನ್ನು ತಾತ್ಕಾಲಿಕವಾಗಿ ಮರೆಮಾಡುತ್ತದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಿಂದ ಒಮ್ಮೆ ಒರೆಸಿದರೆ ನಿಜ ಸ್ಥಿತಿ ಕಾಣುತ್ತದೆ. ಇದಾದ ಮೇಲೆ ಟೇಪನ್ನು ಕಿತ್ತು ನೋಡಿ. ನಮ್ಮ ಬಾನೆಟ್ ಮೇಲೆ ಟೇಪಿನ ಒಂದು ಬದಿಗೆ ಹಣ್ಣಾದ ಟೊಮೆಟೊದ ಕೆಂಪು, ಇನ್ನೊಂದು ಬದಿಗೆ ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯ ಗುಲಾಬಿ, ನಡುವೆ ಗೀಟು ಹಾಕಿದಂತೆ ನೇರವಾದ ಗೆರೆ. ಪಕ್ಕದ ಮನೆಯ ಅಜ್ಜಿ ಗೇಟಿನ ಬಳಿ ನಿಂತು ನೋಡಿ, "ಏನಪ್ಪಾ, ಅರ್ಧಕ್ಕೆ ಮಾತ್ರ ಬಣ್ಣ ಹೊಡ್ದಿದ್ದೀಯಾ?" ಎಂದು ಕೇಳಿದರು. ಅದು ಹೊಸ ಬಣ್ಣವಲ್ಲ, ಅಡಿಯಲ್ಲಿದ್ದ ಹಳೆಯದೇ ಎಂದು ಅವರಿಗೆ ಒಪ್ಪಿಸಲು ಸ್ವಲ್ಪ ಹೊತ್ತೇ ಹಿಡಿಯಿತು.

ಪ್ರಯೋಗ ಫಲಿಸಿದರೆ ಅದೇ ಕ್ರಮದಲ್ಲಿ ಇಡೀ ಕಾರನ್ನು ಒಂದೂವರೆ ಅಡಿಯ ಚೌಕಗಳಾಗಿ ವಿಂಗಡಿಸಿಕೊಂಡು ಮುಂದುವರಿಯಿರಿ. ಒಂದೇ ದಿನ ಮುಗಿಸುವ ಹಟ ಬೇಡ. ಸುಸ್ತಾದ ಕೈ ಹೆಚ್ಚು ಒತ್ತುತ್ತದೆ. ಬಟ್ಟೆಯ ಮುಖ ಬಣ್ಣದಿಂದ ತುಂಬಿದಂತೆಲ್ಲ ಮಡಚಿ ಬದಲಾಯಿಸಿ. ಕಾಂಪೌಂಡ್ ಬಳಸಿದ ಭಾಗಕ್ಕೆಲ್ಲ ನಂತರ ನಯವಾದ ಪಾಲಿಶ್‌ನಿಂದ ಇದೇ ರೀತಿ ಮತ್ತೊಂದು ಸುತ್ತು ತಿಕ್ಕಬೇಕು. ಕ್ಲಿಯರ್ ಕೋಟ್ ಇಲ್ಲದ ಬಣ್ಣ ತೀರಾ ಸುಣ್ಣದಂತಾಗಿ ಕಾಂಪೌಂಡ್‌ಗೂ ಜಗ್ಗದಿದ್ದಾಗ ಪೇಂಟರ್‌ಗಳು 2000 ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಮರಳುಕಾಗದ) ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಶಾಂಪೂ ನೀರು ಸುರಿಯುತ್ತಾ ಹಗುರವಾಗಿ ಉಜ್ಜುತ್ತಾರೆ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಅನುಭವವಿಲ್ಲದವರು ಇದಕ್ಕೆ ಕೈ ಹಾಕಬಾರದೆಂಬುದು ನನ್ನ ಖಚಿತ ಸಲಹೆ.

ಯಂತ್ರದ ವಿಷಯವನ್ನೂ ಇಲ್ಲೇ ಹೇಳುವುದು ಒಳ್ಳೆಯದು. ಪ್ಯಾಡ್ ಒಂದೇ ಕೇಂದ್ರದಲ್ಲಿ ಗಿರಗಿರನೆ ತಿರುಗುವ ರೋಟರಿ ಪಾಲಿಶರ್ ಬೇಗ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಬಣ್ಣವನ್ನು ಸುಡುತ್ತದೆ. ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆ್ಯಕ್ಷನ್ ಪಾಲಿಶರ್ ನಿಧಾನ, ಆದರೆ ಹೊಸಬರಿಗೆ ಸುರಕ್ಷಿತ. ನಮ್ಮ ಕಾರನ್ನು ಕೆಲವು ವರ್ಷಗಳ ಹಿಂದೆ ಒಂದು ಸರ್ವಿಸ್ ಸ್ಟೇಷನ್ನಿನಲ್ಲಿ ಪಾಲಿಶ್‌ಗೆ ಬಿಟ್ಟಾಗ, ಧೂಳು ಪೂರ್ತಿ ಹೋಗುವ ಮುನ್ನವೇ ರೋಟರಿ ಹಚ್ಚಿ ಡಿಕ್ಕಿಯ ತುಂಬ ಸುರುಳಿ ಗೀರುಗಳನ್ನು ಮೂಡಿಸಿದ್ದರು. ಹೊರಗೆ ಮಾಡಿಸುವುದಾದರೆ, "ಮೊದಲು ಕ್ಲೇ ಮಾಡ್ತೀರಾ? ಯಾವ ಪ್ಯಾಡ್ ಹಾಕ್ತೀರಾ? ಒಂದು ಮೂಲೆಯಲ್ಲಿ ಮಾಡಿ ತೋರಿಸ್ತೀರಾ?" ಎಂದು ಕೇಳಿ. ಕೆಲಸ ತಿಳಿದವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಮನೆಯ ಡ್ರಿಲ್ಲಿಂಗ್ ಮಷೀನಿಗೆ ಸಿಕ್ಕಿಸುವ ಪ್ಯಾಡ್‌ಗಳು ಅಗ್ಗಕ್ಕೆ ಸಿಗುತ್ತವೆ. ಅದೂ ರೋಟರಿಯ ಹಾಗೆಯೇ ಒಂದೇ ಕೇಂದ್ರದಲ್ಲಿ ತಿರುಗುವುದರಿಂದ ಮೊದಲ ಸಲಕ್ಕೆ ನಮ್ಮ ಕೈಯೇ ವಾಸಿ.

ವ್ಯಾಕ್ಸ್

ಹೊಸದಾಗಿ ಹೊರಬಂದ ಬಣ್ಣಕ್ಕೆ ಅದೇ ದಿನ ರಕ್ಷಣೆ ಬೇಕು, ಇಲ್ಲದಿದ್ದರೆ ಬಿಸಿಲು ಮತ್ತೆ ತನ್ನ ಕೆಲಸ ಪ್ರಾರಂಭಿಸುತ್ತದೆ. ವ್ಯಾಕ್ಸನ್ನು ದೋಸೆ ಹೆಂಚಿಗೆ ಎಣ್ಣೆ ಸವರುವಂತೆ ಅತಿ ತೆಳುವಾಗಿ ಹಚ್ಚಬೇಕು. ದಪ್ಪ ಹಚ್ಚಿದರೆ ಒರೆಸುವುದು ಕಷ್ಟವಾಗುತ್ತದೆಯೇ ಹೊರತು ಹೆಚ್ಚು ದಿನ ಬಾಳುವುದಿಲ್ಲ. ಐದು ಹತ್ತು ನಿಮಿಷದಲ್ಲಿ ಅದು ಮಂಜು ಕವಿದಂತೆ ಬೆಳ್ಳಗಾದಾಗ ಸ್ವಚ್ಛ ಬಟ್ಟೆಯಿಂದ ಹಗುರವಾಗಿ ಒರೆಸಿ. ಕಪ್ಪು ಪ್ಲಾಸ್ಟಿಕ್ಕಿಗೆ ತಾಗಿದರೆ ಬಿಳಿಯ ಕಲೆ ಉಳಿಯುವುದರಿಂದ ಅಲ್ಲಿನ ಟೇಪನ್ನು ಆ ತನಕ ತೆಗೆಯಬೇಡಿ. ಸಾಧಾರಣ ವ್ಯಾಕ್ಸ್ ಎರಡು ಮೂರು ತಿಂಗಳು ಬರುತ್ತದೆ, ಏಪ್ರಿಲ್-ಮೇ ಬಿಸಿಲಿನಲ್ಲಿ ಅದಕ್ಕಿಂತ ಕಡಿಮೆ. ನೀರು ಹಾಕಿದಾಗ ಕೆಸುವಿನೆಲೆಯ ಮೇಲಿನಂತೆ ಹನಿ ಹನಿಯಾಗಿ ಉರುಳಿದರೆ ವ್ಯಾಕ್ಸ್ ಇದೆ. ಹಾಳೆಯಂತೆ ಹರಡಿ ನಿಂತರೆ ಮತ್ತೆ ಹಚ್ಚುವ ಕಾಲ ಬಂದಿದೆ.

ಕ್ಲಿಯರ್ ಕೋಟ್ ಕಿತ್ತುಹೋಗಿದ್ದರೆ

ಇಡೀ ಕಾರಿಗೆ ಬಣ್ಣ ಹೊಡೆಸುವ ಮುನ್ನ, ಕೆಟ್ಟಿರುವುದು ಯಾವ ಭಾಗ ಎಂದು ಎಣಿಸಿ. ಬಹುಪಾಲು ಕಾರುಗಳಲ್ಲಿ ಅದು ಟಾಪ್ ಮತ್ತು ಬಾನೆಟ್ ಎರಡೇ. ಆ ಎರಡಕ್ಕೆ ಮಾತ್ರ ಬಣ್ಣ ಹೊಡೆಸಿ, ಉಳಿದ ಭಾಗಗಳನ್ನು ಮೇಲೆ ಹೇಳಿದಂತೆ ಪಾಲಿಶ್ ಮಾಡಿಕೊಂಡರೆ ಖರ್ಚು ಇಡೀ ಕಾರಿನ ಖರ್ಚಿನ ಒಂದು ಪಾಲಿಗೆ ಇಳಿಯುತ್ತದೆ. ಬಣ್ಣದ ಕೋಡ್ ಕಾರಿನ ಮೇಲೆಯೇ, ಸಾಮಾನ್ಯವಾಗಿ ಬಾನೆಟ್ಟಿನ ಒಳಗಿನ ತಗಡಿನ ಫಲಕದಲ್ಲಿ ಅಥವಾ ಬಾಗಿಲಿನ ಚೌಕಟ್ಟಿನಲ್ಲಿ ನಮೂದಾಗಿರುತ್ತದೆ. ಮಾರುತಿಯ ಸುಪೀರಿಯರ್ ವೈಟ್ ಬಣ್ಣಕ್ಕೆ 26ಯು ಎಂದಿರುವಂತೆ ಪ್ರತಿ ಬಣ್ಣಕ್ಕೂ ಒಂದು ಗುರುತಿದೆ. ಅದನ್ನು ಕೊಟ್ಟರೆ ಅಂಗಡಿಯವರು ಬೇಕಾದಷ್ಟೇ ಬೆರೆಸಿ ಕೊಡುತ್ತಾರೆ. ಕಾರು ಬಿಸಿಲಿನಲ್ಲಿ ತುಸು ತಿಳಿಯಾಗಿರುವುದರಿಂದ, ಮೊದಲು ಪಕ್ಕದ ಭಾಗಗಳನ್ನು ಪಾಲಿಶ್ ಮಾಡಿ ನಿಜವಾದ ಬಣ್ಣವನ್ನು ಹೊರತಂದು, ಆ ನಂತರ ಪೇಂಟರ್ ಬಳಿ ಒಯ್ಯಿರಿ. ಇಲ್ಲದಿದ್ದರೆ ಹೊಸದು ಹಳೆಯದು ಹೊಂದುವುದಿಲ್ಲ. ಅಗ್ಗವೆಂದು ಎನ್‌ಸಿ ಪೇಂಟ್‌ಗೆ ಒಪ್ಪದೆ, ಹಾರ್ಡ್‌ನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟನ್ನೇ ಕೇಳಿ ಹೊಡೆಸಿ. ಅದು ಹೆಚ್ಚು ವರ್ಷ ಬಿಸಿಲು ತಡೆಯುತ್ತದೆ.

ಅಂಗೈಯಗಲದ ಜಾಗವಾದರೆ ಸ್ಪ್ರೇ ಕ್ಯಾನಿನಿಂದ ನೀವೇ ಮಾಡಬಹುದು. ಸಡಿಲವಾದ ಪೊರೆಯನ್ನೆಲ್ಲ ತೆಗೆದು, 800 ನಂಬರಿನ ವಾಟರ್ ಪೇಪರಿನಿಂದ ಅಂಚು ಬೆರಳಿಗೆ ಸಿಗದಂತೆ ಇಳಿಜಾರಾಗಿ ಉಜ್ಜಿ, ತಗಡು ಕಂಡಲ್ಲಿ ಪ್ರೈಮರ್, ನಂತರ ಬಣ್ಣ, ನಂತರ ಕ್ಲಿಯರ್ ಹೀಗೆ ಒಂದೊಂದನ್ನೂ ಎರಡು ಮೂರು ತೆಳು ಪದರಗಳಲ್ಲಿ, ನಡುವೆ ಒಣಗಲು ಬಿಟ್ಟು ಹೊಡೆಯಬೇಕು. ಒಂದೇ ಸಲಕ್ಕೆ ದಪ್ಪವಾಗಿ ಹೊಡೆದರೆ ಬಣ್ಣ ಕಣ್ಣೀರಿನಂತೆ ಸೋರುತ್ತದೆ. ಹಾರ್ಡ್‌ನರ್ ಇರುವ ಕ್ಲಿಯರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು ಅದು ಶ್ವಾಸಕೋಶಕ್ಕೆ ಅಪಾಯಕಾರಿ. ಕರವಸ್ತ್ರವಾಗಲಿ ಬಟ್ಟೆಯ ಮಾಸ್ಕ್ ಆಗಲಿ ಅದನ್ನು ತಡೆಯುವುದಿಲ್ಲ. ತಕ್ಕ ರೆಸ್ಪಿರೇಟರ್ ಇಲ್ಲದಿದ್ದರೆ ಆ ಕೆಲಸವನ್ನು ಪೇಂಟರ್‌ಗೆ ಬಿಡಿ, ಮಕ್ಕಳನ್ನು ಅದರ ಹತ್ತಿರ ಬಿಡಲೇಬೇಡಿ.

ಬೇರೆ ಬಣ್ಣವನ್ನೇ ಹೊಡೆಸುವ ಆಸೆಯಿದ್ದರೆ, ಆರ್‌ಸಿಯಲ್ಲಿ ಕಾರಿನ ಬಣ್ಣವೂ ನಮೂದಾಗಿರುತ್ತದೆ ಎಂಬುದು ನೆನಪಿರಲಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ಅಂತಹ ಬದಲಾವಣೆಯನ್ನು ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕಾಗುತ್ತದೆ. ಅದೇ ಬಣ್ಣವನ್ನು ಮತ್ತೆ ಹೊಡೆಸಿದರೆ ಈ ತೊಂದರೆಯಿಲ್ಲ. 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಹೋಗುವವರು ಬಣ್ಣದ ಜೊತೆ ತುಕ್ಕನ್ನೂ ನೋಡಿಕೊಳ್ಳಲಿ. ಪಾಲಿಶ್ ಮಾಡುವಾಗ ಎಲ್ಲಾದರೂ ಗುಳ್ಳೆ ಎದ್ದಿರುವುದು ಕಂಡರೆ ಅದರಡಿ ತುಕ್ಕಿದೆ. ಅದನ್ನು ಕೆರೆದು, ತಗಡಿನ ಬಿಳುಪು ಕಾಣುವವರೆಗೆ ಉಜ್ಜಿ, ಪ್ರೈಮರ್ ಹಚ್ಚಿದ ಮೇಲೆಯೇ ಟಚ್-ಅಪ್ ಬಣ್ಣ ಬಳಿಯಬೇಕು. ಹಾಗೆ ಮಾಡದೆ ಬರಿಯ ಬಣ್ಣ ಬಳಿದರೆ ಒಂದೇ ಮಳೆಗಾಲದಲ್ಲಿ ಮತ್ತೆ ಏಳುತ್ತದೆ.

ಹಳದಿಗಟ್ಟಿದ ಪ್ಲಾಸ್ಟಿಕ್ ಹೆಡ್‌ಲೈಟನ್ನು 1000, ನಂತರ 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ, ಕಾಂಪೌಂಡ್‌ನಿಂದ ತಿಕ್ಕಿದರೆ ತಿಳಿಯಾಗುತ್ತದೆ. ಮೇಲೆ ಅತಿನೇರಳೆ ಕಿರಣ ತಡೆಯುವ ಲೇಪ ಹಚ್ಚದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಬೂದಿ ಬಣ್ಣಕ್ಕೆ ತಿರುಗಿದ ಕಪ್ಪು ಬಂಪರಿಗೆ ಟ್ರಿಮ್ ಪಾಲಿಶ್ ಹಚ್ಚಿ. ಕೊಬ್ಬರಿ ಎಣ್ಣೆಯ ಕಪ್ಪು ಒಂದು ವಾರದ್ದು.

ಮುಂದಿನ ಆರೈಕೆ

ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸುವುದನ್ನು ನಿಲ್ಲಿಸಿ. ಒಂದು ಚೊಂಬು ನೀರಾದರೂ ಸುರಿದು ಒದ್ದೆ ಬಟ್ಟೆಯಿಂದ ಒರೆಸಿ. ಧೂಳು ಕೂತ ಕಾರಿಗೆ ಕವರ್ ಹಾಕಿದರೆ ಗಾಳಿಗೆ ಕವರ್ ಅಲುಗಾಡಿ ಅದೇ ಧೂಳಿನಿಂದ ಮೈ ಉಜ್ಜಿದಂತಾಗುತ್ತದೆ, ಆದ್ದರಿಂದ ತೊಳೆದೇ ಹಾಕಬೇಕು. ಹಕ್ಕಿಯ ಹಿಕ್ಕೆಯನ್ನು ಕೆರೆಯದೆ, ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿಟ್ಟು ನೆನೆದ ಮೇಲೆ ಎತ್ತಿ ತೆಗೆಯಿರಿ. ನೆರಳೆಂದು ಮಾವಿನ ಮರದಡಿ ನಿಲ್ಲಿಸುವವರು ಶ್ರೀನಿವಾಸಪುರದ ಕಡೆ ಬಹಳ. ಮರ ಹೂ ಬಿಟ್ಟಿರುವ ತಿಂಗಳುಗಳಲ್ಲಿ ಜಿಗಿಹುಳುಗಳು ಸ್ರವಿಸುವ ಸಿಹಿಯಂಟು ಕಾರಿನ ಮೇಲೆ ತುಂತುರಾಗಿ ಬಿದ್ದು, ಅದರ ಮೇಲೆ ಧೂಳೂ ಕಪ್ಪು ಬೂಷ್ಟೂ ಕೂರುತ್ತವೆ. ಆ ದಿನಗಳಲ್ಲಿ ಬಿಸಿಲೇ ಮೇಲು ಎನ್ನಲಾರೆ, ಆದರೆ ಎರಡು ದಿನಕ್ಕೊಮ್ಮೆ ತೊಳೆಯಲೇಬೇಕು.

ಆಯುಧ ಪೂಜೆಗೆ ಒಂದು ವಾರ ಮುಂಚೆ ವ್ಯಾಕ್ಸ್ ಹಚ್ಚಿಟ್ಟುಕೊಳ್ಳುವುದು ನಮ್ಮ ಮನೆಯ ಪದ್ಧತಿಯಾಗಿದೆ. ರಕ್ಷಣೆಯಿಲ್ಲದ, ಸುಣ್ಣದಂತಾದ ಬಣ್ಣದ ಮೇಲೆ ಒದ್ದೆ ಕುಂಕುಮ ಬಿದ್ದರೆ ಅದರ ಬಣ್ಣ ಒಳಗಿಳಿದು ಕಲೆಯಾಗುತ್ತದೆ. ಹೂವಿನ ಹಾರವನ್ನು ಬಾನೆಟ್ಟಿಗೆ ಸೆಲೊ ಟೇಪಿನಿಂದ ಅಂಟಿಸಿದರೆ ಕೀಳುವಾಗ ಸಡಿಲವಾದ ಪೊರೆಯೂ ಜೊತೆಗೆ ಬರುತ್ತದೆ. ಹಾರವನ್ನು ವೈಪರ್ ಮತ್ತು ಕನ್ನಡಿಗಳಿಗೆ ದಾರದಿಂದ ಕಟ್ಟಿ, ಗಂಧ ಕುಂಕುಮವನ್ನು ಮುಂದಿನ ಗಾಜಿನ ಮೇಲೆ ಇಟ್ಟು, ಮಾರನೆಯ ದಿನ ಬಿಸಿಲೇರುವ ಮುನ್ನ ಮೊದಲು ಬರಿಯ ನೀರು ಹಾಯಿಸಿ ಆಮೇಲೆ ಶಾಂಪೂವಿನಿಂದ ತೊಳೆಯಿರಿ.